ಗದ್ದದ ಮೇಲಿನ ಮಸಿ

ಕಾನ್ಸೆಪ್ಟ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಈಗಲೂ ಮೈ ಉರಿಯುತ್ತದೆ.

ರಾಮನಗರದ ಬಂಡೆಗಳ ನಡುವೆ ಫ್ಯಾಷನ್ ಫಿಲ್ಮ್ ತೆಗೆಯಲು ಬೆಂಗಳೂರಿನವರು ಬಂದಿದ್ದರು. ಊರೆಲ್ಲ ಗಂಡು ಅಂದುಕೊಂಡಿದ್ದ ನಾನು ಹೆಣ್ಣಾಗಿ ಬಾಳುತ್ತಿದ್ದೇನೆಂದು ಯಾರೋ ಹೇಳಿದರಂತೆ. ನನ್ನ ಹೊಲಿಗೆ ಅಂಗಡಿಗೇ ಬಂದು ಕರೆದೊಯ್ದರು. ಗಂಡು, ಹೆಣ್ಣು ಎಲ್ಲ ನೋಡುವವರ ಕಣ್ಣಿನಲ್ಲಿದೆ, ಅದೇ ಕಾನ್ಸೆಪ್ಟ್ ಎಂದು ನಿರ್ದೇಶಕಿ ದಾರಿಯುದ್ದಕ್ಕೂ ಕೊರೆದಳು.

ಬಿಳಿ ರೇಷ್ಮೆ ಸೀರೆ ಉಡಿಸಿದರು. ಕ್ಯಾಮೆರಾದಲ್ಲಿ ನನ್ನನ್ನು ನೋಡಿದ್ದೇ ಅವಳ ಮುಖ ಸಪ್ಪಗಾಯಿತು. “ಇವ್ರು ಬರೀ ಹೆಂಗಸಿನ ಥರಾನೇ ಕಾಣ್ತಿದಾರೆ. ಜನಕ್ಕೆ ಅರ್ಥ ಆಗಲ್ಲ” ಎಂದಳು. ಮೇಕಪ್‌ನವನು ಬಂದು ನನ್ನ ಗದ್ದದ ತುಂಬ ಕಪ್ಪು ಬಣ್ಣದಲ್ಲಿ ಕುರುಚಲು ಗಡ್ಡ ಬರೆದ. ಆ ಗಡ್ಡವನ್ನು ಬೇರುಸಹಿತ ತೆಗೆಸಿಕೊಳ್ಳಲು ನಾನು ಪಟ್ಟ ಪಾಡು ನನಗೇ ಗೊತ್ತು. ಅವನೋ ಕನ್ನಡಿ ಹಿಡಿದು, “ಸೂಪರ್ ಅಲ್ವಾ?” ಎಂದ.

“ನಿಮ್ ಫಿಲ್ಮಿಗಿಷ್ಟು ಬೆಂಕಿ ಹಾಕ!” ಎಂದವಳೇ ಎದ್ದು, ಉಟ್ಟ ಸೀರೆಯಲ್ಲೇ ರಸ್ತೆಗಿಳಿದು, ಮನೆಗೂ ಅಂಗಡಿಗೂ ದಿನಾ ಓಡಾಡುವ ಕನಕಪುರದ ಬಸ್ಸು ಹತ್ತಿದೆ. ಸೀರೆ ವಾಪಸ್ ಕೊಡಿ ಎಂದು ಮೆಸೇಜ್ ಬಂತು. ತಪ್ಪಾಯಿತು ಎಂಬ ಒಂದು ಮಾತು ಅದರಲ್ಲಿರಲಿಲ್ಲ.

ದಿನವೂ ನನ್ನನ್ನು ನೋಡುವ ಕಂಡಕ್ಟರ್, ಹೆಂಗಸರಿಗೆ ಕೊಡುವ ಫ್ರೀ ಟಿಕೆಟ್ಟನ್ನು ಎಂದಿನಂತೆ ಕೈಗಿಟ್ಟ. ಮುಂದೆ ಹೋದವನು ಹಿಂದಿರುಗಿ ನೋಡಿದ.

“ಅಕ್ಕೋ, ಗದ್ದಕ್ಕೆ ಏನೋ ಮಸಿ ಮೆತ್ಕೊಂಡೈತೆ. ಒಸಿ ಒರೆಸ್ಕೊ.”

ಅವರ ಬಿಳಿ ರೇಷ್ಮೆ ಸೆರಗಿನಿಂದಲೇ ಗಸಗಸ ತಿಕ್ಕಿದೆ.