ಓಡಬಲ್ಲವನ ಕುರ್ಚಿ

ಮೊಣಕಾಲಿನ ಲಿಗಮೆಂಟ್ ಹರಿದದ್ದು ಶುಕ್ರವಾರದ ಫುಟ್‌ಬಾಲ್‌ನಲ್ಲಿ. ಹೊಟ್ಟೆ ಬಂದ ಮೇಲೂ ಗೋಲು ಹೊಡೆಯಬೇಕೆಂಬ ನನ್ನ ಹುಚ್ಚಿಗೆ ಅದು ಸಿಗಬೇಕಾದದ್ದೇ. ಆಪರೇಷನ್ ಮುಗಿಸಿ ಸೌದಿಯ ಅಲ್ ಖಫ್ಜಿಗೆ ಮರಳಿದಾಗ ಮಸೀದಿಯಲ್ಲಿ ಸಾಲಿನ ತುದಿಗೆ ನನಗೊಂದು ಕುರ್ಚಿ ಹಾಕಿಟ್ಟವರು ಭಟ್ಕಳದ ಒಬ್ಬ ಹಿರಿಯರು. ನಮ್ಮ ಬೀದಿಯಲ್ಲೇ ಅವರ ಬಟ್ಟೆ ಅಂಗಡಿ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಎಪ್ಪತ್ತು ದಾಟಿದ ಅವರು ನೆಲದ ಮೇಲೆ, ನಲವತ್ತು ತುಂಬದ ನಾನು ಕುರ್ಚಿಯ ಮೇಲೆ. ದಿನವೂ ಮುಖ ಎಲ್ಲಿಡಲಿ ಅನಿಸುತ್ತಿತ್ತು.

ವಿಚಿತ್ರವೆಂದರೆ ಓಟ ಮೊದಲು ಬಂತು, ಕೂರುವುದು ಬರಲಿಲ್ಲ. ಫಿಸಿಯೋಥೆರಪಿಸ್ಟ್ ನಿಧಾನವಾಗಿ ಓಡಲು ಬಿಟ್ಟರು. ನಮಾಝಿನಲ್ಲಿ ಕೂರುವ ಹಾಗೆ ಮಂಡಿ ಪೂರ್ತಿ ಮಡಚಿ ಹಿಮ್ಮಡಿಯ ಮೇಲೆ ಕೂರುವುದು ಮಾತ್ರ ಇನ್ನೂ ಕೆಲವು ತಿಂಗಳು ಬೇಡ ಎಂದರು. ಇದನ್ನು ಹೇಳಿದರೆ ಯಾರು ನಂಬುತ್ತಾರೆ? ಅದಕ್ಕೇ ಮಸೀದಿಯಿಂದ ದೂರ, ಕಡಲ ದಂಡೆಯ ರಸ್ತೆಯಲ್ಲಿ ಕಳ್ಳನ ಹಾಗೆ ಓಡುತ್ತಿದ್ದೆ.

ಒಂದು ಸಂಜೆ ಪಕ್ಕದಲ್ಲೇ ಕಾರು ನಿಂತಿತು. ಕಾಕಾ ಕಿಟಕಿಯಿಂದ ತಲೆ ಹೊರಹಾಕಿ, "ಎಂತ ಮಾರಾಯ, ಓಡ್ಲಿಕ್ಕೆ ಶುರು ಮಾಡಿದ್ಯಾ! ಮಾಶಾ ಅಲ್ಲಾಹ್!" ಎಂದರು. ನಾನು ಏನೂ ವಿವರಿಸಲಿಲ್ಲ. ಹಲ್ಲು ಕಿರಿದೆ, ಅಷ್ಟೆ. ಓಡುವವನು ಕುರ್ಚಿಯಲ್ಲಿ ಕೂತು ನಮಾಝ್ ಮಾಡುತ್ತಾನೆ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾರೆ, ನನ್ನ ಮಾನ ಹೋಯಿತು ಎಂದುಕೊಂಡೆ.

ಅವತ್ತು ಹೊತ್ತು ಮುಳುಗಿದ ಮೇಲೆ ಮಗ್ರಿಬ್ ನಮಾಝಿಗೆ ಹೋದರೆ ಕುರ್ಚಿ ಎಂದಿನ ಜಾಗದಲ್ಲೇ ಇತ್ತು. ಕಾಕಾ ಚುಚ್ಚಲೆಂದೇ ಇಟ್ಟಿದ್ದಾರೆ ಅನಿಸಿ ಮೈಯೆಲ್ಲ ಉರಿಯಿತು. ಅದನ್ನು ಗೋಡೆಯ ಕಡೆ ತಳ್ಳಿ ಅವರ ಪಕ್ಕದಲ್ಲಿ ನಿಂತೆ. ಮೊದಲ ಸುಜೂದ್‌ನಲ್ಲಿ ಹೇಗೋ ಹಣೆ ನೆಲಕ್ಕೆ ತಾಗಿತು. ತಲೆಯೆತ್ತಿ ಕೂರಲು ಹೋದಾಗ ಮಂಡಿಯೊಳಗೆ ಏನೋ ಕಿತ್ತುಬಂದಂತಾಗಿ ಪಕ್ಕಕ್ಕೆ ವಾಲಿದೆ. ಉಳಿದ ನಮಾಝನ್ನು ಕಾಲು ಚಾಚಿಕೊಂಡು, ಬೆವರುತ್ತ ಮುಗಿಸಿದೆ.

ಕೊನೆಯ ಸಲಾಂ ಮುಗಿದ ಕೂಡಲೇ ಕಾಕಾ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಗಾಬರಿ ಬಿಟ್ಟರೆ ಬೇರೇನೂ ಇರಲಿಲ್ಲ.

"ನೀನು ಓಡಿದ್ದು ನೋಡಿ ಖುಷಿ ಆಯ್ತು. ಕುರ್ಚಿ ಬೇಡ ಅಂತ ನಾನು ಹೇಳಿದ್ದುಂಟಾ? ನೋವು ಉಂಟೋ ಇಲ್ವೋ ಅಂತ ನಿನಗಲ್ವಾ ಗೊತ್ತು?"

ನಾಚಿಕೆಯಿಂದ ಕುಗ್ಗಿಹೋದೆ. ಇಷ್ಟು ತಿಂಗಳು ಕುರ್ಚಿಯ ಮೇಲೆ ಪಟ್ಟ ನಾಚಿಕೆ ಇದರ ಮುಂದೆ ಏನೂ ಅಲ್ಲ. ಅಂದು ನಾನು ನೆಲಕ್ಕೆ ಹಣೆ ಹಚ್ಚಿದ್ದು ದೇವರಿಗೆಂದಲ್ಲ, ಈ ಮನುಷ್ಯ ನೋಡಲಿ ಎಂದು. ಅವರೇ ನನ್ನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದರು.