ತಟ್ಟೆ, ಚಮಚ ಮತ್ತು ಅತ್ತೆಯ ಕಣ್ಣು

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ಅಂದು ಯಾವ ವಾರ ಎಂದು ಕೇಳಿದರೆ ತಡವರಿಸುತ್ತೇನೆ, ಯಾವ ಅಂಗಿ ತೊಟ್ಟಿದ್ದೆನೋ ನೆನಪಿಲ್ಲ. ಗೋಡೆಯ ಗಡಿಯಾರ ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಕಡಕೊಳದ ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳ ಅಳತೆ ಪರೀಕ್ಷಿಸುವುದು ನನ್ನ ಕೆಲಸ. ಅದನ್ನೇ ಮಾಡುತ್ತಿದ್ದಾಗ ಅತ್ತೆಯ ಫೋನು ಬಂತು.

"ಅಳಿಯಂದ್ರೇ, ಶೋಭಂಗೆ ನೀರು ಒಡೆದೋಗ್ಬುಟ್ಟದೆ. ಆಟೋ ಹತ್ತಿದ್ದೀವಿ. ಸೀದಾ ಆಸ್ಪತ್ರೆಗೇ ಬಂದ್ಬುಡಿ."

ಹೆರಿಗೆಗೆ ಇನ್ನೂ ಎರಡೂವರೆ ತಿಂಗಳಿತ್ತು. ನನ್ನ ಬಾಯಿಂದ ಬಂದದ್ದು, "ಇನ್ನೂ ಡೇಟೇ ಆಗಿಲ್ವಲ್ಲ!"

"ಅದ್ನ ಮಗೀಗೆ ಹೇಳಿ" ಎಂದರು ಅತ್ತೆ.

ಮಗುವಿಗೆ ಏನು ಹೇಳುವುದು? ಅದು ಆರು ವಾರ ಗಾಜಿನ ಪೆಟ್ಟಿಗೆಯಲ್ಲಿತ್ತು. ಆಗಾಗ ಉಸಿರಾಡುವುದನ್ನೇ ಮರೆಯುತ್ತಿತ್ತು. ಯಂತ್ರ ಕೂಗಿಕೊಂಡ ಕೂಡಲೇ ನರ್ಸಮ್ಮ ಓಡಿಬಂದು ಅಂಗಾಲು ತಟ್ಟುವರು, ಮಗು ನೆನಪು ಮಾಡಿಕೊಂಡು ಮತ್ತೆ ಉಸಿರೆಳೆಯುವುದು. ಇಂದಿಗೂ ಎಲ್ಲಿಯಾದರೂ ಲಿಫ್ಟು 'ಪೀಂ' ಎಂದರೆ ನನ್ನ ಕೈ ಯಾರದಾದರೂ ಅಂಗಾಲು ಹುಡುಕುತ್ತದೆ. ಜೊತೆಯಲ್ಲಿ ನಿಂತವರು ಸರಿದು ನಿಲ್ಲುತ್ತಾರೆ.

ಮನೆಗೆ ಕಳಿಸುವ ಮುನ್ನ ಕಿವಿಯ ಪರೀಕ್ಷೆ ಮಾಡಿದರು. ಪಾಸೂ ಅಲ್ಲ, ಫೇಲೂ ಅಲ್ಲ. "ಒಂದು ತಿಂಗಳು ಬಿಟ್ಟು ಮತ್ತೆ ನೋಡಬೇಕು" ಎಂದರು. ನಮ್ಮ ಕಾರ್ಖಾನೆಯಲ್ಲಿ ಮೂರು ಟ್ರೇಗಳಿವೆ. ಸರಿಯಾದದ್ದಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು, ಸಂಶಯದ್ದಕ್ಕೆ ಹಳದಿ. ಕೆಂಪು ಟ್ರೇ ತುಂಬಿದರೂ ನಾನು ಉಂಡು ಮಲಗಬಲ್ಲೆ, ಹಳದಿ ತುಂಬಿದರೆ ಆಗದು. ಈಗ ಮಗಳೇ ಹಳದಿ ಟ್ರೇಯಲ್ಲಿ ಮಲಗಿದ್ದಳು. ಸಾಲದ್ದಕ್ಕೆ ಅವಳಿಗೆ ವಯಸ್ಸೂ ಎರಡು: ಹುಟ್ಟಿದ ದಿನದಿಂದ ಎಣಿಸಿದ್ದೊಂದು, ಹುಟ್ಟಬೇಕಿದ್ದ ದಿನದಿಂದ ಎಣಿಸಿದ್ದೊಂದು. ಅಗ್ರಹಾರದ ನಮ್ಮ ಬೀದಿಯಲ್ಲಿ ಯಾರಾದರೂ "ಎಷ್ಟು ತಿಂಗಳು?" ಎಂದರೆ ನಾನು "ಯಾವ ಲೆಕ್ಕದಲ್ಲಿ?" ಎನ್ನುತ್ತಿದ್ದೆ. ಅವರು ಮರುಕದಿಂದ ನೋಡುತ್ತಿದ್ದರು, ಮಗುವನ್ನಲ್ಲ, ನನ್ನನ್ನು.

ಅತ್ತೆ ತಮ್ಮ ಔಷಧ ಹೇಳಿದರು. "ಬಜೆ ತೇದು ಜೇನಲ್ಲಿ ನಾಲ್ಗೆಗೆ ಸವರಿದ್ರೆ ಮಾತು ತಾನೇ ಬತ್ತದೆ ಕಣ್ರೀ." ಡಾಕ್ಟರು ಬೇಡವೆಂದಿದ್ದಾರೆ ಎಂದು ನಾನು ವೈಜ್ಞಾನಿಕವಾಗಿ ತಡೆದೆ. ತಡೆದವನು ಮಾಡಿದ್ದೇನು? ದಿನಾ ಬೆಳಿಗ್ಗೆ ಮಗುವನ್ನು ಶೋಭಾಳ ತೊಡೆಯ ಮೇಲೆ ಕೂರಿಸಿ, ಎದುರಿಗೆ ಅತ್ತೆಯನ್ನು ಕೂರಿಸಿ, ಹಿಂದಿನಿಂದ ಸ್ಟೀಲ್ ತಟ್ಟೆಗೆ ಚಮಚದಿಂದ ಬಾರಿಸುವುದು. ಮಗು ತಿರುಗಿದರೆ ನೋಟ್‌ಬುಕ್ಕಿನಲ್ಲಿ ಸರಿ ಗುರುತು, ತಿರುಗದಿದ್ದರೆ ತಪ್ಪು ಗುರುತು. ಪುಟದ ತುಂಬ ಸರಿ ಗುರುತು ಬಿತ್ತು. ಆ ಧೈರ್ಯದಲ್ಲಿ ಎರಡನೆಯ ಪರೀಕ್ಷೆಗೆ ಹೋಗಲೇ ಇಲ್ಲ. ಇವತ್ತಲ್ಲ ನಾಳೆ ಎನ್ನುತ್ತ ನಾಲ್ಕು ತಿಂಗಳು ಕಳೆದವು.

ಒಂದು ದಿನ ಅತ್ತೆ ಮದುವೆಗೆಂದು ಊರಿಗೆ ಹೋಗಿದ್ದರು. ತಟ್ಟೆ ಬಾರಿಸಿದೆ, ಮಗು ತಿರುಗಲಿಲ್ಲ. ಮತ್ತೆ ಬಾರಿಸಿದೆ. ಮೂರನೆಯ ಏಟಿಗೆ ಪಕ್ಕದ ಮನೆಯವರು ಬಂದು "ಏನಾಯ್ತ್ರೀ?" ಎಂದರು. ಮಗು ಗೋಡೆಯ ಮೇಲಿನ ಬಿಸಿಲನ್ನೇ ನೋಡುತ್ತ ಕೂತಿತ್ತು.

ಅತ್ತೆ ಬಂದ ಮೇಲೆ ಈ ಸಲ ತಟ್ಟೆಯನ್ನಲ್ಲ, ಅವರನ್ನೇ ಗಮನಿಸಿದೆ. ನಾನು ಚಮಚ ಎತ್ತಿದೊಡನೆ ಅವರ ಕಣ್ಣು ನನ್ನ ಕೈಗೆ ಹಾರುತ್ತಿತ್ತು, ಅವರ ಕಣ್ಣನ್ನು ಹಿಂಬಾಲಿಸಿ ಮಗು ತಿರುಗುತ್ತಿತ್ತು. ಇಷ್ಟು ದಿನ ನಾನು ಪರೀಕ್ಷಿಸಿದ್ದು ಅತ್ತೆಯ ಕಣ್ಣನ್ನು. ಅದು ನೂರಕ್ಕೆ ನೂರು ಪಾಸಾಗಿತ್ತು.

ಆ ನಾಲ್ಕು ತಿಂಗಳು ನನಗೆ ಎರಡು ನಲವತ್ತಕ್ಕಿಂತ ಹೆಚ್ಚು ಚುಚ್ಚುತ್ತವೆ. ಎರಡು ನಲವತ್ತರಲ್ಲಿ ನನ್ನ ತಪ್ಪೇನೂ ಇರಲಿಲ್ಲ.

ಕಡೆಗೂ ಆಸ್ಪತ್ರೆಯಲ್ಲಿ ಆ ಎರಡನೆಯ ಪರೀಕ್ಷೆ ಮಾಡಿಸಿದಾಗ ಎರಡೂ ಕಿವಿ ಮಂದ ಎಂದು ತಿಳಿಯಿತು. ಯಾಕೆ? ಬೇಗ ಹುಟ್ಟಿದ್ದಕ್ಕೋ, ಹುಟ್ಟಿದಾಗ ಬಂದ ಕಾಮಾಲೆಗೋ, ಜೀವ ಉಳಿಸಿದ ಔಷಧಿಗೋ? "ಹೇಳಕ್ಕಾಗಲ್ಲ" ಎಂದರು ಡಾಕ್ಟರು. ಕಡಲೆಕಾಳಿನಷ್ಟು ಚಿಕ್ಕ, ಬಣ್ಣದ ಶ್ರವಣಯಂತ್ರಗಳು ಕಿವಿಯ ಹಿಂದೆ ಬಂದವು ಎಂದು ಹೇಳಿದರೆ ಉತ್ಪ್ರೇಕ್ಷೆ, ಹುರುಳಿಕಾಯಿ ತುಂಡಿನಷ್ಟಿದ್ದವು. ಮಾತು ಕಲಿಸುವ ಹುಡುಗಿ ನನ್ನ ನೋಟ್‌ಬುಕ್ ತಿರುವಿ ನೋಡಿ ಮೆಲ್ಲಗೆ ಮುಚ್ಚಿದಳು.

"ಸರ್, ಪರೀಕ್ಷೆ ನಾವು ಮಾಡ್ತೀವಿ. ನೀವು ಮಾತಾಡಿ."

"ಏನ್ ಮಾತಾಡ್ಲಿ ಮೇಡಂ?"

"ಏನ್ ಕೆಲ್ಸ ಮಾಡ್ತೀರೋ ಅದನ್ನೇ. ಹತ್ರ ಕೂತು, ಮುಖ ನೋಡಿ ಹೇಳಿ. ಆಮೇಲೆ ಸುಮ್ನಿರಿ, ಅವಳ ಸರದಿ ಅವಳಿಗೆ ಬಿಡಿ."

ಆಗ ಹೊಳೆಯಿತು: ಅದುವರೆಗೆ ಮಗಳ ಹತ್ತಿರ ನಾನು ಆಡಿದ್ದ ಮಾತೆಂದರೆ ತಟ್ಟೆಯ 'ಟಣ್' ಒಂದೇ. ಹುಟ್ಟಾ ಮಿತಭಾಷಿ ನಾನು. ಅಂಥವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಶುರುಮಾಡಿದೆ. "ಹೀರೇಕಾಯಿ ತಗೊಂಡೆ. ಒರಟು ನೋಡು, ಮುಟ್ಟು. ಸಿಪ್ಪೆ ತೆಗೆದೆ. ಆಯ್ತು!" ಕೆಲಸ ಮುಗಿದಾಗಲೆಲ್ಲ 'ಆಯ್ತು' ಎನ್ನುವುದು ಕಾರ್ಖಾನೆಯ ಚಾಳಿ. ಅತ್ತೆ ಶೋಭಾಳಿಗೆ ಹೇಳುತ್ತಿದ್ದರು, "ನಿನ್ ಮದ್ವೆ ಆದಾಗಿಂದ ಇವ್ರ ಬಾಯಲ್ಲಿ ಇಷ್ಟು ಮಾತು ಕೇಳಿರ್ಲಿಲ್ಲ ಕಣಮ್ಮ. ಹೀರೇಕಾಯಿ ಪುಣ್ಯ ಮಾಡಿತ್ತು."

ತಿಂಗಳುಗಳು ಉರುಳಿದವು. ಮಗಳು ನಡೆದಳು, ಯಂತ್ರ ಕಿತ್ತು ಅಕ್ಕಿ ಡಬ್ಬಕ್ಕೆ ಹಾಕಿದಳು, ನನ್ನ ಮಾತಿಗೆ ತಲೆಯಾಡಿಸಿದಳು. ಮಾತು ಮಾತ್ರ ಬರಲಿಲ್ಲ. ಮಲಗಿಸುವಾಗ ಯಂತ್ರ ತೆಗೆದಿಡಬೇಕು. ಕತ್ತಲಲ್ಲಿ ನಮ್ಮ ದನಿ ಅವಳಿಗೆ ಎಷ್ಟು ತಲುಪುತ್ತದೋ ಎಂದು ದೀಪ ಆರಿಸುತ್ತಿರಲಿಲ್ಲ. ಎದೆ ಏರಿಳಿಯುತ್ತಿದೆಯೇ ಎಂದು ನಾನೊಮ್ಮೆ, ಶೋಭಾ ಒಮ್ಮೆ ಏಳುತ್ತಿದ್ದೆವು. ಒಂದೂ ಮುಕ್ಕಾಲು ವರ್ಷ ಹೀಗೇ.

ಮೊನ್ನೆ ಶನಿವಾರ ರಾತ್ರಿ ಒಂಬತ್ತೂವರೆಗೆ ದಿಂಬಿಗೆ ತಲೆ ಕೊಟ್ಟದ್ದು ನೆನಪಿದೆ. ಆಮೇಲೆ ಕಣ್ಣು ಬಿಟ್ಟಾಗ ಮುಖದ ಮೇಲೆ ಬಿಸಿಲು. ಪಕ್ಕದಲ್ಲಿ ಶೋಭಾ ಇನ್ನೂ ಗೊರಕೆ ಹೊಡೆಯುತ್ತಿದ್ದಳು. ತಲೆಯ ಹಿಂದೆ ಮಗಳು ತಟ್ಟೆ, ಚಮಚ ಹಿಡಿದು ಕೂತು ನನ್ನ ಮುಖವನ್ನೇ ನಿರುಕಿಸುತ್ತಿದ್ದಳು. ನಾನು ಕಣ್ಣು ಬಿಟ್ಟದ್ದು ಕಂಡು ತಟ್ಟೆ ಕೆಳಗಿಟ್ಟು ಹೇಳಿದಳು:

"ಆತು!"

ಅತ್ತೆ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. "ಬೇಗ ಎದ್ಬುಡ್ತು, ನಾನೇ ಕಿವಿ ಯಂತ್ರ ಹಾಕ್ದೆ. ಹತ್ತು ಸಲ ಬಾರಿಸ್ತು ಕಣ್ರೀ, ನೀವು ಮಿಸುಕ್ಲೇ ಇಲ್ಲ!"

ಎರಡನೆಯ ಮಾತು ಯಾವಾಗ ಬರುತ್ತದೋ ನನಗೆ ತಿಳಿಯದು. ಹಳದಿ ಟ್ರೇ ಇನ್ನೂ ಖಾಲಿಯಾಗಿಲ್ಲ. ಆದರೂ ಹಳೆಯ ನೋಟ್‌ಬುಕ್ ಹುಡುಕಿ ತೆಗೆದು, ಹೊಸ ಪುಟದಲ್ಲಿ ನನ್ನ ಹೆಸರು ಬರೆದು, ಎದುರಿಗೆ ಹತ್ತು ತಪ್ಪು ಗುರುತು ಹಾಕಿದೆ. ಇಷ್ಟು ಸಂತೋಷದಿಂದ ನಾನು ಯಾವ ಮಾಲನ್ನೂ ಕೆಂಪು ಟ್ರೇಗೆ ಹಾಕಿದ್ದಿಲ್ಲ.