ಮೋರಿಗಿಳಿದ ನೆರೆಯವರು

ಹೋದ ವರ್ಷ ತೀರಿಕೊಂಡ ನಮ್ಮ ನೆರೆಮನೆಯವರು ನೀರು ಬಿಡುವ ಕೆಲಸದಿಂದ ನಿವೃತ್ತರಾದ ಮೇಲೂ ತುಮಕೂರಿನ ನಮ್ಮ ಬೀದಿಯ ಉಸಾಬರಿ ಬಿಟ್ಟಿರಲಿಲ್ಲ. ನಲ್ಲಿಯಲ್ಲಿ ನೀರು ಬಂದರೆ ಲುಂಗಿ ಎತ್ತಿ ಕಟ್ಟಿ ಮನೆಮನೆಯ ಗೇಟು ಬಡಿಯುವರು. ನಾನು ಪೂಜೆಗೆ ಕೂತಿದ್ದರೆ ಕಿಟಕಿಯಿಂದಲೇ ಕೂಗು: "ಶಿವ ಎಲ್ಲೂ ಓಡೋಗಲ್ಲ ಕಣಮ್ಮ, ನೀರು ಓಡೋಗುತ್ತೆ!" ಗುಡಿಯ ಕಡೆ ತಲೆ ಹಾಕಿಯೂ ಮಲಗದ ಆಸಾಮಿಯೆಂದು ನಮ್ಮತ್ತೆಗೆ ಅವರನ್ನು ಕಂಡರಾಗದು.

ಒಂದು ಬೆಳಿಗ್ಗೆ ಬಿಂದಿಗೆ ಎತ್ತುವಾಗ ಅತ್ತೆಯ ಕೊರಳ ದಾರ ಹರಿದು, ಇಷ್ಟಲಿಂಗವಿದ್ದ ಬೆಳ್ಳಿ ಕರಡಿಗೆ ಮೋರಿಗೆ ಬಿತ್ತು. ಲಿಂಗ ಸಿಗುವ ತನಕ ಹನಿ ನೀರೂ ಬೇಡವೆಂದು ಅವರು ಜಗಲಿಯಲ್ಲಿ ಕೂತುಬಿಟ್ಟರು. ಸಕ್ಕರೆ ಕಾಯಿಲೆಯ ಜೀವ, ಮಧ್ಯಾಹ್ನದ ಹೊತ್ತಿಗೆ ಕಂಬಕ್ಕೆ ಒರಗಿಬಿಟ್ಟಿತು. ನಾವೆಲ್ಲ ಕೋಲಿನಿಂದ ಕೆದಕಿ ಸೋತಿದ್ದೆವು.

ಗುಬ್ಬಿಗೆ ಹೋಗಿದ್ದ ನೆರೆಯವರು ಆಗ ಬಂದರು. ವಿಷಯ ಕೇಳಿ, ನೀರಿನ ಇಳಿಜಾರು ಕಣ್ಣಲ್ಲೇ ಅಳೆದು, ಮೂರು ಮನೆ ಆಚೆ ಹೋಗಿ ಮೊಣಕಾಲುದ್ದ ಕೆಸರಿಗೆ ಇಳಿದರು.

"ನಾನು ಗುಡಿಗೆ ಹೋಗಲ್ಲ ಅಂತ ಶಿವನೇ ನನ್ನ ಹುಡುಕ್ಕೊಂಡು ಬಂದವ್ನಲ್ಲ ಅವ್ವಾ, ಅದೂ ಮೋರಿಗೆ!"

"ಬಾಯ್ಮುಚ್ಕೊಂಡು ಹುಡುಕಯ್ಯ" ಅಂದರು ಅತ್ತೆ.

ಚಪ್ಪಡಿಯ ಸಂದಿಯಲ್ಲಿ ಕರಡಿಗೆ ಸಿಕ್ಕಿತು. ಅದನ್ನು ತೊಳೆದು ಪೂಜೆ ಮುಗಿಸಿದ ಅತ್ತೆ, ನಾನು ಬಡಿಸಿದ ಮುದ್ದೆ ಮುಟ್ಟದೆ ಪಕ್ಕದಲ್ಲಿ ಇನ್ನೊಂದು ತಟ್ಟೆ ಹಾಕಿಸಿ ಅವರನ್ನು ಕರೆದರು.

"ಗಬ್ಬು ನಾರ್ತಾ ಇದೀನವ್ವಾ, ಒಳಗೆ ಬರೋ ಹಂಗಿಲ್ಲ" ಅಂದರು ಅವರು.

"ನನ್ ಶಿವನೂ ಅಲ್ಲೇ ಇದ್ದು ಬಂದವ್ನೆ. ಕೂತ್ಕಳಯ್ಯ, ಹಸಿವಾಗ್ತೈತೆ."